ಎರಿ ಹೊಲದಲ್ಲಿ ಹೂತ ಕಾರು

ಮೊದಲೇ ಹೇಳಿಬಿಡುತ್ತೇನೆ, ನಾವು ಹೋಗಬೇಕಿದ್ದದ್ದು ಗೋವಾಕ್ಕೆ. ನಾಲ್ಕು ಜನ ಗೆಳೆಯರು ಎರಡು ತಿಂಗಳಿಂದ ಪ್ಲಾನ್ ಮಾಡಿದ್ದೆವು. ಒಬ್ಬನಿಗೆ ಡೆಂಗಿ ಬಂತು, ಇನ್ನೊಬ್ಬನಿಗೆ ರಜೆ ಸಿಗಲಿಲ್ಲ. ಅವರಿಬ್ಬರೂ ಇಲ್ಲದ ಮೇಲೆ ಏನು ಗೋವಾ ಅಂತ ಮೂರನೆಯವನೂ ಕೈಯೆತ್ತಿದ. ಹೆಂಡತಿ, ಮಗಳು ದಸರಾ ರಜೆಗೆ ಧಾರವಾಡಕ್ಕೆ ಹೊರಟಿದ್ದರು. ಬೇರೆ ದಾರಿ ಕಾಣದೆ ನಾನೂ ಕಾರು ತೆಗೆದೆ.

ಧಾರವಾಡದಲ್ಲಿ ಹೆಂಡತಿಯ ಕಾಕಾ ಇದ್ದಾರೆ. ಕಾಲೇಜಿನಲ್ಲಿ ಭೂವಿಜ್ಞಾನ ಪಾಠ ಮಾಡಿ ನಿವೃತ್ತರಾದವರು. ನನ್ನ ಸಪ್ಪೆ ಮುಖ ನೋಡಿ, "ಅಳಿಯಂದ್ರ, ಸಮುದ್ರ ನೋಡ್ಲಿಕ್ಕೆ ಗೋವಾಕ್ಕ ಯಾಕ ಹೋಗ್ಬೇಕು? ಬಿಜಾಪುರಕ್ಕ ನಡೀರಿ, ಬೆಂಕಿ ಸಮುದ್ರ ತೋರಿಸ್ತೀನಿ" ಅಂದರು. ಮನೆಯಲ್ಲಿ ಎಲ್ಲರೂ ನಕ್ಕರು. ಕಾಕಾನ ಜೊತೆ ಪ್ರವಾಸ ಅಂದರೆ ಏನು ಅಂತ ಅವರಿಗೆಲ್ಲ ಗೊತ್ತಿತ್ತು. ನನಗೆ ಗೊತ್ತಿರಲಿಲ್ಲ.

ಮೊದಲ ದಿನ

ಬೆಳಗ್ಗೆ ಏಳಕ್ಕೆ ಹೊರಟೆವು. ಎಲ್ಲಿ ರಸ್ತೆಗಾಗಿ ಗುಡ್ಡ ಕಡಿದಿದ್ದಾರೋ ಅಲ್ಲೆಲ್ಲ ಕಾಕಾ "ಸೈಡಿಗೆ ಹಾಕ್ರಿ" ಅನ್ನುತ್ತಿದ್ದರು. ಇಳಿದು, ಕಲ್ಲು ಮುಟ್ಟಿ, ಒಮ್ಮೊಮ್ಮೆ ನಾಲಿಗೆಗೂ ಹಚ್ಚಿ ನೋಡಿ ಬಂದು ಕೂರುವರು. ನವಲಗುಂದ ದಾಟುವಾಗ ಎರಡೂ ಕಡೆ ಕಪ್ಪು ನೆಲ, ಈ ಕಡೆಯವರ ಬಾಯಲ್ಲಿ ಎರಿ, ಶುರುವಾಯಿತು. ನಾನು ಮಂಡ್ಯದವನು. ಕೆಂಪು ನೆಲ, ನಾಲೆ ನೀರು, ಕಬ್ಬು, ಇದಿಷ್ಟೇ ನನ್ನ ಕೃಷಿ ಜ್ಞಾನ. "ಇದೇನಾ ಕಾಕಾ ಬೆಂಕಿ ಸಮುದ್ರ?" ಅಂದೆ.

"ಅಲ್ಲ, ಅಲ್ಲ. ಕರೀ ಮಣ್ಣೆಲ್ಲಾ ಲಾವಾದ ಮಕ್ಕಳಲ್ಲರಿ. ಈ ಕಡೆ ಮಣ್ಣು ಹುಟ್ಟಿದ ಕಲ್ಲು ಬ್ಯಾರೆ. ಕೃಷ್ಣಾ ದಾಟೂ ತನಕ ತಡೀರಿ."

ಕೆರೂರಿನ ಹತ್ತಿರ ಕೆಂಪು ಕಲ್ಲು ಕಂಡಿತು. ಬಾದಾಮಿಯ ಗುಹೆಗಳನ್ನು ಕೊರೆದದ್ದೂ ಇದೇ ಮರಳುಗಲ್ಲಿನಲ್ಲಿ. ನನಗೆ ಬಾದಾಮಿ ನೋಡುವ ಆಸೆ ಇತ್ತು. ಕಾಕಾ ಗಡಿಯಾರ ತೋರಿಸಿದರು.

ಬಾಗಲಕೋಟೆಯ ಖಾನಾವಳಿಯಲ್ಲಿ ಊಟ ಮುಗಿಸಿ ಹಿನ್ನೀರಿನ ಕಡೆ ಹೋದೆವು. ಆಲಮಟ್ಟಿ ಅಣೆಕಟ್ಟೆಯ ನೀರು ಹಳೇ ಊರಿನ ಒಂದು ಭಾಗವನ್ನೇ ನುಂಗಿದೆ. ಜನರಿಗಾಗಿ ನವನಗರ ಕಟ್ಟಿದರು. ಕಾಕಾ ನೀರಿನ ಕಡೆ ಬೆರಳು ತೋರಿಸಿ, ತಮ್ಮ ಗೆಳೆಯರ ಮನೆ ಅಲ್ಲಿತ್ತು ಅಂದರು. ಸುಮ್ನೆ ನೀರು ಕಾಣುತ್ತಿತ್ತು, ಅಷ್ಟೇ. ಬೇಸಿಗೆಗೆ ಈ ಹಿನ್ನೀರು ಇಳಿದಾಗ ಹೆರಕಲ್ ಕಡೆ ಫ್ಲೆಮಿಂಗೊಗಳು ಬರುತ್ತವಂತೆ. ನೋಡಲು ಜನ ಕ್ಯಾಮೆರಾ ಹಿಡಿದು ಬರುತ್ತಾರೆ.

"ಹಂಗಾದ್ರೆ ಒಂದು ಲಾಭ ಆಯ್ತಲ್ಲ ಕಾಕಾ" ಅಂದೆ.

"ಹಕ್ಕಿಗೆ ಆತು. ಮನಿ ಮುಳುಗಿದವ್ರ ಮುಂದ ಈ ಮಾತು ಆಡಬ್ಯಾಡ್ರಿ."

ಆಮೇಲೆ ಕೊಲ್ಹಾರದ ತನಕ ಇಬ್ಬರೂ ಜಾಸ್ತಿ ಮಾತಾಡಲಿಲ್ಲ. ಕೃಷ್ಣೆಯ ಮೇಲಿನ ಸೇತುವೆ ಮುಗಿಯುವುದೇ ಇಲ್ಲ ಅನ್ನಿಸುವಷ್ಟು ಉದ್ದವಿದೆ. ದಾಟಿದ ಕೂಡಲೇ ಕೊಲ್ಹಾರದ ಗಟ್ಟಿ ಮೊಸರು. ಗಡಿಗೆ ಬಗ್ಗಿಸಿದರೂ ಬೀಳದ ಮೊಸರು ಅಂತ ಕೇಳಿದ್ದೆ. ಬಗ್ಗಿಸಿ ನೋಡುವ ಧೈರ್ಯ ಆಗಲಿಲ್ಲ, ತಿಂದೆ.

ಊರು ಬಿಟ್ಟು ಸ್ವಲ್ಪ ದೂರ ಹೋದ ಮೇಲೆ ಕಾಕಾ ಮತ್ತೆ ಕಾರು ನಿಲ್ಲಿಸಿದರು. ಈ ಸಲ ದನಿ ಬೇರೆ ಇತ್ತು. "ಇಳೀರಿ. ಬಂತು."

ರಸ್ತೆ ಬದಿ ಆಳೆತ್ತರ ಕಡಿದ ದಿಬ್ಬ. ಕೆಳಗೆ ಕರಿಕಲ್ಲು, ನಡುವೆ ಗೇಣಗಲದ ಕೆಂಪು ಪಟ್ಟಿ, ಅದರ ಮೇಲೆ ಮತ್ತೆ ಕರಿಕಲ್ಲು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ನೆಲ ಬಿರಿದು ಲಾವಾ ಹರಿಯಿತು. ಕಾಕಾ ಹೇಳುವ ಪ್ರಕಾರ, ನಾವು ಚಿತ್ರದಲ್ಲಿ ನೋಡುವ ಹಾಗೆ ಒಂದು ಬೆಟ್ಟದ ತುದಿಯಿಂದ ಚಿಮ್ಮಿದ್ದಲ್ಲ. ಉದ್ದುದ್ದ ಬಿರುಕುಗಳಿಂದ ಉಕ್ಕಿ, ಹಾಲು ಉಕ್ಕಿದ ಹಾಗೆ ಹರಡಿಕೊಂಡಿತು. ಒಂದು ಸಲ ಅಲ್ಲ, ಸಾವಿರಾರು ವರ್ಷ, ಲಕ್ಷಾಂತರ ವರ್ಷ, ಬಿಟ್ಟು ಬಿಟ್ಟು. ಇವತ್ತಿಗೂ ಸುಮಾರು 5 ಲಕ್ಷ ಚದರ ಕಿಲೋಮೀಟರ್ ಜಾಗದಲ್ಲಿ ಆ ಕಲ್ಲು ಉಳಿದಿದೆ. ಮಹಾಬಲೇಶ್ವರದ ಕಡೆ ಅದರ ದಪ್ಪ ಕಿಲೋಮೀಟರುಗಳ ಲೆಕ್ಕ. ಇದಕ್ಕೆ ಡೆಕ್ಕನ್ ಟ್ರ್ಯಾಪ್ ಅಂತ ಹೆಸರು. ಟ್ರ್ಯಾಪ್ ಅಂದರೆ ಬೋನು ಅಲ್ಲ. ಸ್ವೀಡನ್ ಭಾಷೆಯಲ್ಲಿ ಮೆಟ್ಟಿಲಿಗೆ ಇರುವ ಪದದಿಂದ ಬಂದದ್ದು. ಈ ಗುಡ್ಡಗಳು ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತವಲ್ಲ, ಅದಕ್ಕೆ.

"ಈ ಕೆಂಪು ಪಟ್ಟಿ ಏನ್ ಗೊತ್ತೇನು? ಎರಡು ಬೆಂಕಿ ನಡುವಿನ ಬಿಡುವು. ಒಂದು ಲಾವಾ ಆರಿ, ಮ್ಯಾಲೆ ಮಣ್ಣಾಗಿ, ಗಿಡಗಂಟಿ ಬೆಳೆದು, ಎಲ್ಲಾ ಛಲೋ ಆತು ಅನ್ನೂದ್ರಾಗ ಇನ್ನೊಂದು ಬಂತು."

ನಾನು ಆ ಕೆಂಪು ಪಟ್ಟಿಯ ಮೇಲೆ ಕೈ ಇಟ್ಟೆ. ಬೆರಳಿಗೆ ಪುಡಿ ಅಂಟಿತು.

ಎರಡನೇ ದಿನ

ಬಿಜಾಪುರದ ದಿನವನ್ನು ಬೇಗ ಹೇಳಿ ಮುಗಿಸುತ್ತೇನೆ. ಗೋಲಗುಮ್ಮಟದ ಬಗ್ಗೆ ಎಲ್ಲರೂ ಬರೆದಿದ್ದಾರೆ. ಮೊಹಮ್ಮದ್ ಆದಿಲ್ ಶಾಹನ ಗೋರಿ, 1656ರಲ್ಲಿ ಕೆಲಸ ನಿಂತದ್ದು, ಗುಮ್ಮಟದ ಹೊರ ಅಡ್ಡಗಲ ಸುಮಾರು 44 ಮೀಟರ್. ಪಿಸುಮಾತಿನ ಗ್ಯಾಲರಿಯಲ್ಲಿ ಮೂರು ಶಾಲೆಯ ಮಕ್ಕಳು ಒಟ್ಟಿಗೆ ಕಿರುಚುತ್ತಿದ್ದರು. ಪಿಸುಮಾತು ಆಡಲು ಜಾಗವೇ ಇರಲಿಲ್ಲ.

ಕಾಕಾ ಮೇಲಕ್ಕೆ ಬರಲಿಲ್ಲ. ಮಂಡಿ ನೋವು. ಕೆಳಗೆ ಗೋಡೆಯ ಕಲ್ಲಿಗೆ ಕನ್ನಡಕ ತಾಗುವಷ್ಟು ಹತ್ತಿರ ನಿಂತಿದ್ದರು. ಅದೂ ಅದೇ ಕರಿಕಲ್ಲು, ಬಸಾಲ್ಟ್. ಅದರಲ್ಲಿ ಸಣ್ಣ ಸಣ್ಣ ತೂತು. ಲಾವಾ ಆರುವಾಗ ಒಳಗೆ ಸಿಕ್ಕಿಬಿದ್ದ ಗಾಳಿಗುಳ್ಳೆಗಳ ಗುರುತು.

"ಡೈನೊಸಾರ್ ಕೊಂದ ಕಲ್ಲಿನಾಗ ಕಟ್ಟಿದ ಗೋರಿ" ಅಂದೆ, ದೊಡ್ಡ ಮಾತು ಹೇಳಿದವನಂತೆ, ಅವರದೇ ಧಾಟಿಯಲ್ಲಿ.

ಕಾಕಾ ಮೇಷ್ಟ್ರಾದರು. ಕೊಂದದ್ದು ಮುಖ್ಯವಾಗಿ ಮೆಕ್ಸಿಕೋದ ಯುಕಟಾನ್ ಹತ್ತಿರ ಬಿದ್ದ ಆಕಾಶದ ಬಂಡೆ ಅಂತ ಹೆಚ್ಚಿನ ವಿಜ್ಞಾನಿಗಳು ಹೇಳುತ್ತಾರೆ. ಅದೇ ಕಾಲದಲ್ಲಿ ಇಲ್ಲಿ ಲಾವಾ ಹರಿಯುತ್ತಿತ್ತು, ಅದರ ಹೊಗೆ, ಗಂಧಕ, ಇಂಗಾಲ ಸೇರಿ ಗಾಳಿ ಕೆಟ್ಟಿತ್ತು. ಇದರ ಪಾಲು ಎಷ್ಟು ಅನ್ನುವ ಜಗಳ ಇನ್ನೂ ಮುಗಿದಿಲ್ಲ. ಒಟ್ಟಿನಲ್ಲಿ ಭೂಮಿಯ ಮೇಲಿದ್ದ ಜೀವಜಾತಿಗಳಲ್ಲಿ ಮುಕ್ಕಾಲು ಪಾಲು ಅಳಿದವು. ಇಲಿ ಹೆಗ್ಗಣದ ಗಾತ್ರದಲ್ಲಿ ಬಿಲದಲ್ಲಿದ್ದ ನಮ್ಮ ಮುತ್ತಜ್ಜರಿಗೆ ಜಾಗ ಸಿಕ್ಕಿತು.

"ನಾವೂ ಒಂಥರಾ ಫಲಾನುಭವಿಗಳ್ರಿ. ಅರ್ಜಿ ಹಾಕದಾ ಸಿಕ್ಕೈತಿ."

ಮಧ್ಯಾಹ್ನ ಪೇಟೆಯಲ್ಲಿ ಒಣದ್ರಾಕ್ಷಿ ಕೊಂಡೆವು. ಅಂಗಡಿಯವರು ತಾವೇ ದ್ರಾಕ್ಷಿ ತೋಟ ಇಟ್ಟವರು. ಇಲ್ಲಿ ದ್ರಾಕ್ಷಿ ಹೇಗೆ, ಮಳೆಯೇ ಇಲ್ಲವಲ್ಲ ಅಂತ ಕೇಳಿದೆ. ಅವರು ನಕ್ಕರು. ಬೇರಿಗೆ ನೀರು ಹೇಗೋ ತರುತ್ತಾರೆ, ಬೋರು, ಏತ ನೀರಾವರಿ, ಟ್ಯಾಂಕರು. ಆದರೆ ಗಾಳಿಯಲ್ಲಿ ನೀರು ಇರಬಾರದು. ಫೆಬ್ರವರಿಯಿಂದ ಹಣ್ಣನ್ನು ಶೆಡ್ಡಿನ ಬಲೆಗಳ ಮೇಲೆ ಹರವಿದರೆ ಈ ಒಣ ಗಾಳಿಗೆ ಎರಡು ವಾರದಲ್ಲಿ ಒಣದ್ರಾಕ್ಷಿ. "ನಿಮ್ಮ ಕಡೆ ಹಂಗ ಹರವ್ರಿ ನೋಡೂಣು, ಬೂಸ್ಟು ಬರ್ತದ." ಬರದ ಜಿಲ್ಲೆ ಅಂತ ಬೈಸಿಕೊಂಡ ಗಾಳಿಯನ್ನೇ ಈ ಜನ ಪೊಟ್ಟಣ ಕಟ್ಟಿ ಮಾರುತ್ತಿದ್ದಾರೆ.

ಸಂಜೆ ಬಾರಾಕಮಾನ್ ಮುಂದೆ ನಿಂತಾಗ ಮೋಡ ಕಟ್ಟಿತು. ಎರಡನೇ ಅಲಿ ಆದಿಲ್ ಶಾಹ ತನಗಾಗಿ ಕಟ್ಟಿಸುತ್ತಿದ್ದ ಗೋರಿ ಇದು, ಪೂರ್ತಿ ಆಗಲೇ ಇಲ್ಲ. ಬರೀ ಕಮಾನುಗಳು ನಿಂತಿವೆ. ನನಗಂತೂ ಗೋಲಗುಮ್ಮಟಕ್ಕಿಂತ ಇದೇ ಇಷ್ಟವಾಯಿತು. ಛಾವಣಿ ಬಂದಿದ್ದರೆ ಆ ಕಮಾನುಗಳ ಮಧ್ಯೆ ಅಷ್ಟು ಕಪ್ಪು ಮೋಡ ಕಾಣುತ್ತಿರಲಿಲ್ಲ. ರಾತ್ರಿಯಿಡೀ ಮಳೆ.

ಮೂರನೇ ದಿನ

ಇವತ್ತಿನದು ಕಾಕಾನ ಆಸೆ: ತಾಳಿಕೋಟೆ ಮತ್ತು ಡೋಣಿ ನದಿ. 1565ರ ಯುದ್ಧಕ್ಕೆ ಪಠ್ಯಪುಸ್ತಕ ತಾಳಿಕೋಟೆಯ ಹೆಸರು ಕೊಟ್ಟಿದೆ. ನಿಜವಾಗಿ ನಡೆದದ್ದು ಕೃಷ್ಣೆಯ ದಂಡೆಯ ರಕ್ಕಸಗಿ–ತಂಗಡಗಿ ಹತ್ತಿರ ಅಂತಾರೆ. ವಿಜಯನಗರಕ್ಕೆ ಅದು ಪ್ರಳಯ. ಬಿಜಾಪುರಕ್ಕೆ ಅಲ್ಲಿಂದಲೇ ಕಟ್ಟಡಗಳ ಕಾಲ. ನಿನ್ನೆ ನಾವು ಬಾಯಿಬಿಟ್ಟು ನೋಡಿದ ಊರಿನ ಹಿಂದೆ ಹಂಪಿಯ ಬೂದಿಯೂ ಇದೆ.

ಮಳೆ ನಿಂತಿತ್ತು. ಬಸವನ ಬಾಗೇವಾಡಿ ದಾಟಿ ಹೋಗುತ್ತಿದ್ದೆವು. ತಾಳಿಕೋಟೆಗೆ ಇನ್ನೂ ಸ್ವಲ್ಪ ದೂರ ಇರುವಾಗ ಮುಂದಿನ ಸಣ್ಣ ಸೇತುವೆ ಮೇಲೆ ನೀರು ಹರಿಯುತ್ತಿದೆ ಅಂತ ಬೈಕಿನವರು ಕೈ ಅಡ್ಡ ಹಿಡಿದರು. ವಾಪಸ್ ತಿರುಗಿದೆವು. ನನ್ನ ಫೋನಿನ ಮ್ಯಾಪು ಎಡಕ್ಕೊಂದು ಒಳದಾರಿ ತೋರಿಸಿತು. ಕಾಕಾ ನೋಡಿ, "ಇದು ಬಂಡಿ ದಾರಿ. ಎರಿ ಹೊಲದಾಗ ಹೋಗ್ತದ. ಬ್ಯಾಡ" ಅಂದರು. ಬರೀ ಎರಡು ಕಿಲೋಮೀಟರ್ ಕಾಕಾ, ನಾನು ಮಂಡ್ಯದ ಗದ್ದೆ ಬದುವಿನ ಮೇಲೇ ಗಾಡಿ ಓಡಿಸಿದವನು ಅಂದೆ.

ನಮ್ಮ ಕಡೆಯ ಕೆಸರು ಮರ್ಯಾದಸ್ಥ. ಕಾಲಿಟ್ಟರೆ ಇಳಿಯುತ್ತದೆ, ಎತ್ತಿದರೆ ಬಿಡುತ್ತದೆ. ಇದು ಹಾಗಲ್ಲ. ಹಿಡಿದುಕೊಳ್ಳುತ್ತದೆ. ಐವತ್ತು ಅಡಿ ಹೋಗಿದ್ದೆವೋ ಇಲ್ಲವೋ, ಚಕ್ರಗಳ ಸುತ್ತ ಮಣ್ಣು ಸುತ್ತಿಕೊಂಡು ಚಕ್ರ ಮಡ್‌ಗಾರ್ಡಿಗೆ ಸಿಕ್ಕಿ ನಿಂತೇ ಹೋಯಿತು. ಕಾರು ಹಾಗೇ ವಾಲಿ ಬದಿಯ ಹೊಲಕ್ಕೆ ಜಾರಿತು. ಇಳಿದೆ. ಒಂದೊಂದು ಹೆಜ್ಜೆಗೂ ಚಪ್ಪಲಿಗೆ ಒಂದೊಂದು ಪದರ. ಹತ್ತು ಹೆಜ್ಜೆಗೆ ಗೇಣೆತ್ತರ ಬೆಳೆದಿದ್ದೆ. ಹನ್ನೊಂದನೇ ಹೆಜ್ಜೆಗೆ ಕಾಲು ಬಂತು, ಚಪ್ಪಲಿ ಬರಲಿಲ್ಲ. ಕೈ ಹಾಕಿ ಹುಡುಕಿದೆ. ಸಿಗಲಿಲ್ಲ.

ಕಾಕಾ ಕಾರಿನೊಳಗೇ ಕೂತು, ಕಿಟಕಿಯಿಂದ ಕೈ ಹೊರಗೆ ಹಾಕಿ ಒಂದು ಹಿಡಿ ಮಣ್ಣು ತೆಗೆದು ಉಂಡೆ ಮಾಡುತ್ತಿದ್ದರು. ಬೈಯುತ್ತಾರೆ ಅಂತ ಕಾದೆ. "ಏನ್ ಛಲೋ ಜಿಗುಟು ಐತಿ ನೋಡ್ರಿ" ಅಂದರು. ನನಗೆ ಅಳು ಬರುವುದೊಂದು ಬಾಕಿ.

ಅರ್ಧ ಗಂಟೆಯ ಮೇಲೆ ಒಬ್ಬ ರೈತರು ಬಂದರು, ಬರಿಗಾಲಲ್ಲಿ, ಆರಾಮಾಗಿ.

"ಎಲ್ಲಿಂದ ಬಂದೀರ್ರಿ?"

"ಮಂಡ್ಯ."

"ಅದಕ್ಕ" ಅಂದರು. ಅಷ್ಟೇ.

ಟ್ರ್ಯಾಕ್ಟರ್ ಇದೆ, ಆದರೆ ಇವತ್ತು ತಂದರೆ ಅದೂ ಹೂಳುತ್ತದೆ. ನಾಳೆ ನೋಡೋಣ, ಈಗ ಮನೆಗೆ ನಡೀರಿ ಅಂದರು. ದಾರಿಯಲ್ಲಿ ಅವರ ಹೊಲ ಸಿಕ್ಕಿತು. ಹೊಳೆ ಕಡೆಯ ಎರಡು ಎಕರೆ ತೊಗರಿ ನೀರಲ್ಲಿ ನಿಂತಿತ್ತು. ಅವರು ಅದನ್ನು ನೋಡಿದ ರೀತಿ ನನಗೆ ಅರ್ಥವಾಗಲಿಲ್ಲ. ಬೇಜಾರು ಇತ್ತು, ಗಾಬರಿ ಇರಲಿಲ್ಲ.

ರಾತ್ರಿ ಬಿಸಿ ಬಿಸಿ ಜೋಳದ ರೊಟ್ಟಿ, ಹೆಸರುಕಾಳು ಪಲ್ಯ, ಶೇಂಗಾ ಹಿಂಡಿ, ಮೊಸರು. ನಾಲ್ಕು ತಿಂದೆ. ಮುದ್ದೆಯ ಜಿಲ್ಲೆಯವನ ಬಾಯಲ್ಲಿ ಈ ಮಾತು ಬರಬಾರದು, ಆದರೂ ಹೇಳುತ್ತೇನೆ: ಅಂಥ ರೊಟ್ಟಿ ನಾನು ತಿಂದಿರಲಿಲ್ಲ.

"ಈ ಜ್ವಾಳಕ್ಕ ಎಷ್ಟು ಸಲ ನೀರು ಹಾಯಿಸ್ತೀರಿ?" ಕಾಕಾ ಕೇಳಿದರು. ಗೊತ್ತಿದ್ದೇ ಕೇಳಿದ್ದು, ನನಗಾಗಿ.

"ಎಲ್ಲೀ ನೀರು ಸರ? ಈಗ ಈ ಹಿಂಗಾರಿ ಮಳಿ ಕುಡೀತಲ್ಲ ನೆಲ, ಹದಕ್ಕ ಬಂದ್ ಕೂಡ್ಲೇ ಕೂರಿಗಿ ಹೂಡ್ತೀವಿ. ಮುಂದ ಒಂದು ಹನಿ ಬೀಳದಿದ್ರೂ ಮಾಗಿ ಥಂಡಿಗೆ ಬೆಳೀತದ."

ಅಂದರೆ ನನ್ನ ಕಾರನ್ನು ಹಿಡಿದದ್ದು ಯಾವುದೋ, ನೀರನ್ನು ಹಿಡಿಯುವುದೂ ಅದೇ. ಕಾಕಾ ರೊಟ್ಟಿಗಳನ್ನು ಒಂದರ ಮೇಲೊಂದು ಇಟ್ಟು ತೋರಿಸಿದರು. ಬಸಾಲ್ಟ್ ಕೊಳೆತು ಆದ ಜೇಡಿಯ ಕಣಗಳು ಹೀಗೆ ಪದರ ಪದರ. ಮಳೆ ಬಂದರೆ ಪದರಗಳ ನಡುವೆ ನೀರು ಹೊಕ್ಕು ಮಣ್ಣು ಉಬ್ಬುತ್ತದೆ. ಬೇಸಿಗೆಗೆ ನೀರು ಹೋಗಿ ಕುಗ್ಗುತ್ತದೆ, ನೆಲ ಬಿರಿಯುತ್ತದೆ. ಮೇಲಿನ ಮಣ್ಣು ಬಿರುಕಿಗೆ ಉದುರಿ ಕೆಳಗೆ ಹೋಗುತ್ತದೆ, ಮತ್ತೆ ಮಳೆಗೆ ಉಬ್ಬುವಾಗ ಕೆಳಗಿನದು ಮೇಲೆ ಬರುತ್ತದೆ. ತನ್ನನ್ನು ತಾನೇ ಉತ್ತುಕೊಳ್ಳುವ ನೆಲ.

"ಬ್ಯಾಸಗ್ಯಾಗ ಬರ್ರಿ, ಬಿರುಕಿನ್ಯಾಗ ನಿಮ್ಮ ಫೋನು ಬಿದ್ರ ಸಿಗೂದಿಲ್ಲ" ಅಂದರು ರೈತರು. ಚಪ್ಪಲಿ ವಿಷಯ ನೆನಪಾಗಿ ಎಲ್ಲರೂ ನಕ್ಕರು.

ನಾನು ಉತ್ಸಾಹದಲ್ಲಿ ಆ ಗಾದೆ ತೆಗೆದೆ. ಕಾಕಾ ಬೆಳಗ್ಗೆಯಷ್ಟೇ ಹೇಳಿಕೊಟ್ಟಿದ್ದರು. "ಡೋಣಿ ಬೆಳೆದರೆ ಓಣೆಲ್ಲ ಕಾಳು ಅಂತಾರಲ್ಲ. ಹಂಗಾದ್ರೆ ಪ್ರವಾಹ ಬಂದರೆ ಒಳ್ಳೇದೇ ಅಲ್ವಾ?"

ರೈತರು ಸ್ವಲ್ಪ ಹೊತ್ತು ಸುಮ್ಮನಿದ್ದರು. ನೀರು ಹೋದ ಮೇಲೆ ಹೊಸ ಮಣ್ಣು ಬಿಟ್ಟು ಹೋಗುತ್ತದೆ, ಸುಳ್ಳಲ್ಲ. ಆದರೆ ಈಗ ಹೊಳೆಯ ಹೊಟ್ಟೆಯಲ್ಲೇ ಹೂಳು ತುಂಬಿದೆ. ಸ್ವಲ್ಪ ಮಳೆಗೂ ದಂಡೆ ಮೀರುತ್ತದೆ. ಡೋಣಿ ನೀರು ಸವುಳು ಬೇರೆ, ಬೇಸಿಗೆಗೆ ಅದನ್ನು ಕುಡಿಯಲೂ ಆಗದು. "ಗಾದಿ ಮಾಡಿದವ್ರು ನಮ್ಮ ಅಜ್ಜಗಳು. ಅವ್ರ ಕಾಲದ ಹೊಳಿ ಬ್ಯಾರೆ. ಆ ತೊಗರಿ ಹೋತು ಅಂದ್ರ ಹೋತರಿ. ಜ್ವಾಳ ಬಂದ್ರ ಬರ್ತದ, ಅದು ಬ್ಯಾರೆ ಲೆಕ್ಕ."

ಮೂಲೆಯಲ್ಲಿ ಕೂತಿದ್ದ ಅವರ ತಾಯಿ, ಎಲ್ಲರೂ ಆಯಿ ಅನ್ನುತ್ತಿದ್ದರು, ಆಗ ಮಾತಾಡಿದರು. ನಾಳೆ ಟ್ರ್ಯಾಕ್ಟರ್ ಹೊಲಕ್ಕೆ ಇಳಿಸಬೇಡ, ಖಡಿ ರಸ್ತೆ ಮೇಲೆ ನಿಲ್ಲಿಸಿ ಹಗ್ಗ ಕಟ್ಟಿ ಎಳಿ ಅಂತ ಮಗನಿಗೆ ಹೇಳಿದರು. ಆ ರಸ್ತೆ ಗಟ್ಟಿ, ಕೆಳಗೆ ತಾವೇ ಒಡೆದು ಹಾಕಿದ ಕಲ್ಲಿದೆ ಅಂದರು. 1972ರ ಬರ. ಬಾವಿ ಬತ್ತಿ, ದನ ಮಾರಿ, ಊರಿಗೆ ಊರೇ ಬರಗಾಲದ ಕೆಲಸಕ್ಕೆ ಹೋಗಿತ್ತು. ಬಸುರಿ, ಬಾಣಂತಿ ಅನ್ನದೆ ಕಲ್ಲು ಒಡೆದರು. ಕೂಲಿಗೆ ಸರ್ಕಾರದ ಕೆಂಪು ಜೋಳ, ನಾರುತ್ತಿತ್ತು.

"ಬರದಿಂದ ಒಂದು ರಸ್ತೆ ಆದರೂ ಆಯ್ತು ಆಯಿ" ಅಂದೆ. ಬಾಗಲಕೋಟೆಯಲ್ಲಿ ಕಾಕಾ ಹೇಳಿದ್ದು ಮರೆತೇಹೋಗಿತ್ತು.

"ಆತಪ್ಪ. ರಸ್ತಾ ಆತು. ನನ್ನ ಮೊದಲಿನ ಕೂಸು ಆ ವರ್ಷನ ಹೋತು."

ಸಿಟ್ಟಿಲ್ಲದೆ ಹೇಳಿದರು. ಹೇಳಿ, "ಇನ್ನೊಂದು ರೊಟ್ಟಿ ಹಾಕ್ಸಿಕೊ" ಅಂದರು. ಹಾಕಿಸಿಕೊಂಡೆ.

ಆ ರಾತ್ರಿ ಬೇಗ ನಿದ್ದೆ ಬರಲಿಲ್ಲ. ನಾನು ಎರಡು ದಿನದಿಂದ ಸುಲಭವಾಗಿ ಜಮಾ-ಖರ್ಚು ಬರೆಯುತ್ತಿದ್ದೆ, ಎಡಕ್ಕೆ ಅನಾಹುತ, ಬಲಕ್ಕೆ ಲಾಭ. ಎರಡೂ ಒಬ್ಬರದೇ ಖಾತೆ ಅನ್ನುವ ಹಾಗೆ. ಲಾವಾದಲ್ಲಿ ಬೆಂದ ಗಿಡಕ್ಕೆ ಜೋಳ ಸಿಕ್ಕಿಲ್ಲ. ಜೋಳ ನನಗೆ ಸಿಕ್ಕಿತು, ಅದೂ ಪಕ್ಕಾ ಪ್ರವಾಸಿಗ, ನಾಲ್ಕು ರೊಟ್ಟಿ, ಆಮೇಲೆ ಐದು.

ನಾಲ್ಕನೇ ದಿನ

ಬೆಳಗ್ಗೆ ಚುರುಕು ಬಿಸಿಲು, ಒಣ ಗಾಳಿ. ಮೇಲ್ಮೈ ಆಗಲೇ ಬಿಳುಚಿಕೊಳ್ಳುತ್ತಿತ್ತು. ಟ್ರ್ಯಾಕ್ಟರ್ ಖಡಿ ರಸ್ತೆ ಮೇಲೆ ನಿಂತಿತು. ಎರಡು ಹಗ್ಗ ಗಂಟು ಹಾಕಿ ಉದ್ದ ಮಾಡಿದರು. ಮೊದಲ ಎಳೆತಕ್ಕೆ ಹಗ್ಗ ಹರಿಯಿತು. ಮನೆಯಿಂದ ಸರಪಳಿ ಬಂತು. ಊರಿನ ಹತ್ತು ಹುಡುಗರು ಹಿಂದಿನಿಂದ ನೂಕಿದರು. ಕಾರು ಹಲ್ಲು ಕಿತ್ತ ಹಾಗೆ ಸದ್ದು ಮಾಡಿ ಮೇಲೆ ಬಂತು. ಚಕ್ರದ ಮಣ್ಣನ್ನು ಕುಡುಗೋಲಿನಿಂದ ಕೆತ್ತಿ ತೆಗೆಯಲು ಒಂದು ಗಂಟೆ ಹಿಡಿಯಿತು. ಕಾಕಾ ಅದರಲ್ಲಿ ಒಂದು ಉಂಡೆ ಪೇಪರಿನಲ್ಲಿ ಸುತ್ತಿಟ್ಟುಕೊಂಡರು.

ರೈತರು ದುಡ್ಡು ಮುಟ್ಟಲಿಲ್ಲ. ಡೀಸೆಲ್ಲಿಗಾದರೂ ಅಂದೆ. "ಮುಂದಿನ ಸಲ ಬರೂ ಮುಂದ ಬ್ಯಾಸಗ್ಯಾಗ ಬರ್ರಿ" ಅಂದರು. ಆಯಿ ಒಂದು ಗಂಟು ಜೋಳದ ಹಿಟ್ಟು, ಜೊತೆಗೆ ಮಗನ ಹಳೇ ಚಪ್ಪಲಿ ಕೊಟ್ಟರು. ಅದು ನನಗೆ ಒಂದು ಸೈಜು ದೊಡ್ಡದು. ಬ್ರೇಕ್ ಮೇಲೆ ಜಾರುತ್ತಿತ್ತು, ಧಾರವಾಡದ ತನಕ ಬರಿಗಾಲಲ್ಲೇ ಓಡಿಸಿದೆ. ತಾಳಿಕೋಟೆ ನೋಡಲಾಗಲಿಲ್ಲ. ಡೋಣಿ ನೋಡಿದ್ದೂ ದೂರದಿಂದಲೇ, ತೊಗರಿಯ ಮೇಲೆ ನಿಂತ ಕಂದು ನೀರಾಗಿ.

ಆ ಹಿಟ್ಟಿನಲ್ಲಿ ನನ್ನ ಹೆಂಡತಿ ರೊಟ್ಟಿ ತಟ್ಟಿದಳು. ನಾನೂ ತಟ್ಟಲು ಹೋದೆ. ಮೂರು ಚೂರಾಯಿತು. ಕಾಕಾ ಇದು ಯಾವ ದೇಶದ ನಕ್ಷೆ ಅಂತ ಕೇಳಿದರು.

ಡಿಸೆಂಬರಿನಲ್ಲಿ ಒಂದು ದಿನ ರೈತರ ಫೋನು ಬಂತು. ಜೋಳ ಎದೆಯುದ್ದ ಬಂದಿದೆಯಂತೆ. ಬಿತ್ತಿದ ಮೇಲೆ ಒಂದು ಹನಿ ಮಳೆ ಇಲ್ಲ. ಬಿರುಕು ಬಿಟ್ಟು ಹಸಿ ಆರಿ ಹೋಗಬಾರದು ಅಂತ ಸಾಲಿನ ನಡುವೆ ಎರಡು ಸಲ ಎಡಿ ಹೊಡೆದು ಮಣ್ಣು ಸಡಿಲ ಮಾಡಿದ್ದಾರೆ. ತೊಗರಿಯ ಬಗ್ಗೆ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

"ಮತ್ತ ಇನ್ನೊಂದು ಮಾತ್ರಿ. ಎಡಿ ಹೊಡಿಯೂ ಮುಂದ ನಿಮ್ಮ ಚಪ್ಪಲ್ ಸಿಕ್ತು."

"ಹೌದಾ!"

"ಬಾರು ಹರದೈತಿ. ಒಳಗೊಂದು ಕಪ್ಪಿ ಮಲಗಿತ್ತು. ಏನ್ ಮಾಡ್ಲಿ, ಕಳಸ್ಲೇನು?"

ಕಪ್ಪೆಗೇ ಇರಲಿ ಬಿಡಿ ಅಂದೆ.